ಜನವರಿ 23: ಪಟ್ಟದ ದಿನವೂ ಸೋಲಿನ ದಿನವೂ ಒಂದೇ ಆಗಿತ್ತೇ?

'ಇತಿಹಾಸದಲ್ಲಿ ಈ ದಿನ' ಅನ್ನುವ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಜನವರಿ 23ಕ್ಕೆ ಅಂಥದ್ದೊಂದು ಪಟ್ಟಿಯನ್ನು ಕನ್ನಡನಾಡಿನ ಕಡೆಯಿಂದ ಮಾಡಲು ಹೊರಟರೆ ಮೈ ಜುಮ್ಮೆನ್ನುವಂಥ ಸಾಲುಗಳು ಸಿಗುತ್ತವೆ. 1510ರ ಜನವರಿ 23, ಹಂಪೆಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕೋತ್ಸವದ ದಾನ. 1565ರ ಜನವರಿ 23, ರಕ್ಕಸತಂಗಡಿ ಯುದ್ಧ, ಅಳಿಯ ರಾಮರಾಯನ ಸಾವು. 1664ರ ಜನವರಿ 23, ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ಬೇಟೆಗೆ ಹೋಗಿದ್ದ ಶಹಾಜಿ ಭೋಸಲೆ ಕುದುರೆಯಿಂದ ಬಿದ್ದು ತೀರಿಕೊಂಡದ್ದು. ಕೊನೆಗೆ 1897ರ ಜನವರಿ 23, ಸುಭಾಷ್ ಚಂದ್ರ ಬೋಸರ ಹುಟ್ಟು.

ಇದರಲ್ಲಿ ಮೊದಲ ಎರಡು ಸಾಲುಗಳ ಜೋಡಿ ಬಹಳ ಆಕರ್ಷಕ. ವಿಜಯನಗರ ಉತ್ತುಂಗಕ್ಕೆ ಏರಲು ಹೊರಟ ತಾರೀಖು, 55 ವರ್ಷಗಳ ಮೇಲೆ ಅದು ಕುಸಿದ ತಾರೀಖು, ಎರಡೂ ಒಂದೇ! ಭಾಷಣಕ್ಕೆ, ಕಿರುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಆದರೆ ಶಾಸನ ಓದುವವರಿಗೆ ಇಲ್ಲಿ ಒಂದು ಕೆಲಸ ಬಾಕಿ ಇರುತ್ತದೆ. 'ಜನವರಿ 23' ಎಂದು ಹಂಪೆಯ ಕಲ್ಲಿನ ಮೇಲೆ ಯಾರೂ ಬರೆದಿಲ್ಲ. ಬರೆದಿರುವುದು ಬೇರೆಯೇ ಒಂದು ಲೆಕ್ಕ. ಅದನ್ನು ಇಂಗ್ಲಿಷ್ ತಾರೀಖಿಗೆ ಇಳಿಸಿದವರು ನಾವು. ಹೇಗೆ ಇಳಿಸಿದೆವು, ಎಷ್ಟು ಭದ್ರವಾಗಿ ಇಳಿಸಿದೆವು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹಂಪೆಯ ಕಲ್ಲು

ವಿರೂಪಾಕ್ಷ ದೇವಾಲಯದ ಈ ಶಾಸನವನ್ನು ಹುಲ್ಷ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲ ಸಂಪುಟದಲ್ಲೇ ಪ್ರಕಟಿಸಿದರು. ಮೊದಲು ಸಂಸ್ಕೃತ ಶ್ಲೋಕಗಳಲ್ಲಿ ವಂಶಾವಳಿ, ಆಮೇಲೆ ಕನ್ನಡದಲ್ಲಿ ದಾನದ ವಿವರ. ಕೃಷ್ಣರಾಯ ತನ್ನ ಪಟ್ಟಾಭಿಷೇಕೋತ್ಸವದ ಪುಣ್ಯಕಾಲದಲ್ಲಿ ವಿರೂಪಾಕ್ಷ ದೇವರಿಗೆ ಸಿಂಗಿನಾಯಕನಹಳ್ಳಿ ಎಂಬ ಊರನ್ನು ಬಿಟ್ಟದ್ದು, ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ್ದು ಇದರಲ್ಲಿದೆ. ಇವತ್ತು ನೀವು ಹಂಪೆಗೆ ಹೋಗಿ ತಲೆಯೆತ್ತಿ ಚಿತ್ರಗಳನ್ನು ನೋಡುತ್ತೀರಲ್ಲ, ಅದೇ ರಂಗಮಂಟಪ.

ಕಾಲದ ಉಲ್ಲೇಖ ಹೀಗಿದೆ: ಶಾಲಿವಾಹನ ಶಕವರ್ಷ 1430 ಸಂದ, ವರ್ತಮಾನ ಶುಕ್ಲ ಸಂವತ್ಸರ, ಮಾಘ ಶುದ್ಧ 14. ಅಷ್ಟೇ. ವಾರದ ಹೆಸರಿಲ್ಲ, ನಕ್ಷತ್ರ ಇಲ್ಲ.

ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬ ಶಾಲೆಯ ಸೂತ್ರವನ್ನು ಹಾಗೆಯೇ ಹಾಕಿದರೆ 1508 ಬರುತ್ತದೆ. ಮಾಘ ಮಾಸ ವರ್ಷದ ಕೊನೆಯಲ್ಲಿ ಬರುವುದರಿಂದ 1509ರ ಆರಂಭ ಎನ್ನಬೇಕು. ಆದರೆ ಸಂವತ್ಸರ ಒಪ್ಪುವುದಿಲ್ಲ. ಅರವತ್ತು ಸಂವತ್ಸರಗಳ ಚಕ್ರದಲ್ಲಿ 1507-08 ಪ್ರಭವ, 1508-09 ವಿಭವ, 1509-10 ಶುಕ್ಲ. ಅಂದರೆ ಶುಕ್ಲದ ಮಾಘ 1510ರ ಆರಂಭಕ್ಕೇ ಬೀಳುತ್ತದೆ. ಗೊಂದಲದ ಗಂಟು 'ಸಂದ' ಎಂಬ ಒಂದು ಪದದಲ್ಲಿದೆ. 1430 ವರ್ಷ ಸಂದು ಹೋಗಿವೆ, ಈಗ ನಡೆಯುತ್ತಿರುವುದು ಮುಂದಿನದು, 1431, ಅದರ ಹೆಸರು ಶುಕ್ಲ ಎನ್ನುತ್ತಿದ್ದಾನೆ ಬರೆದವನು. ಶುಕ್ಲಕ್ಕೆ ನಮ್ಮ ಪಂಚಾಂಗದ ಕೋಷ್ಟಕಗಳೂ 1431 ಎಂದೇ ಕೊಡುತ್ತವೆ. ಆದರೆ ಅವುಗಳ ಪ್ರಕಾರ ಆ 1431 ಸಂದುಹೋದ ವರ್ಷಗಳ ಎಣಿಕೆ. ಕಲ್ಲಿನವನಿಗೆ ಅದು ನಡೆಯುವ ವರ್ಷ. ದಕ್ಷಿಣದ ಶಾಸನಗಳಲ್ಲಿ ಈ ಒಂದು ವರ್ಷದ ಹೊಯ್ದಾಟ ತೀರಾ ಸಾಮಾನ್ಯ. ಇಂಥ ಕಡೆ ನಾನು ಸಂಖ್ಯೆಗಿಂತ ಸಂವತ್ಸರದ ಹೆಸರನ್ನೇ ಹೆಚ್ಚು ನಂಬುತ್ತೇನೆ. ಸಂಖ್ಯೆಯನ್ನು ಕಂಡರಿಸುವಾಗ ಒಂದು ಹೆಚ್ಚುಕಮ್ಮಿ ಆಗಬಹುದು. ಆದರೆ ತಾನು ಬದುಕುತ್ತಿರುವ ವರ್ಷದ ಹೆಸರು ಮರೆತುಹೋಗುವುದು ಕಷ್ಟ. ಅದಲ್ಲದೆ 1509ರ ಆರಂಭದಲ್ಲಿ ಗದ್ದುಗೆಯ ಮೇಲಿದ್ದವನು ಅಣ್ಣ ವೀರನರಸಿಂಹ. ಹೀಗಾಗಿ ವರ್ಷ 1510 ಅನ್ನುವುದರಲ್ಲಿ ಅನುಮಾನ ಬೇಡ.

ದಿನದ ಮಾತು ಬೇರೆ. ತಿಥಿ ಎಂಬುದು 24 ಗಂಟೆಯ ಲೆಕ್ಕವಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಸಮಯ ಅದು. ಸುಮಾರು 20 ಗಂಟೆಯಿಂದ 27 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತದೋ ಆ ದಿನಕ್ಕೆ ಅದೇ ಹೆಸರು ಎಂಬುದು ವಾಡಿಕೆ. ಆದರೆ ಪೂಜೆ, ಉತ್ಸವ, ದಾನ ಎಂದಾಗ ಆ ತಿಥಿ ನಡೆಯುತ್ತಿರುವ ಯಾವ ಹೊತ್ತಾದರೂ ಆದೀತು. 1510ರ ಆ ಮಾಘದಲ್ಲಿ ಚತುರ್ದಶಿ ಜನವರಿ 23 ಮತ್ತು 24, ಎರಡು ದಿನಗಳ ಮೇಲೂ ಚಾಚಿಕೊಳ್ಳುತ್ತದೆ. ವಾರದ ಹೆಸರು ಇದ್ದಿದ್ದರೆ ಒಂದೇ ಮಾತಿನಲ್ಲಿ ತೀರ್ಮಾನ ಆಗುತ್ತಿತ್ತು: ಬುಧವಾರ ಅಂದಿದ್ದರೆ 23, ಗುರುವಾರ ಅಂದಿದ್ದರೆ 24. ಕಲ್ಲು ಹೇಳಿಲ್ಲ. ಆದ್ದರಿಂದಲೇ ಪುಸ್ತಕಗಳಲ್ಲಿ '23 ಅಥವಾ 24' ಎಂದು ಬರೆಯುತ್ತಾರೆ. ಪಟ್ಟಿಗೆ ಬರುವ ಹೊತ್ತಿಗೆ ಆ 'ಅಥವಾ' ಉದುರಿಹೋಗಿರುತ್ತದೆ.

ಇನ್ನೂ ಒಂದು ತೊಡಕಿದೆ. ಈ ಕಲ್ಲು ದಾಖಲಿಸಿರುವುದು ದಾನವನ್ನು, ಪಟ್ಟಾಭಿಷೇಕವನ್ನಲ್ಲ. ಕೃಷ್ಣದೇವರಾಯ ಆಳತೊಡಗಿದ್ದು 1509ರ ನಡುವಿನಲ್ಲೇ. ಅದೇ ಶುಕ್ಲ ಸಂವತ್ಸರದ ಶ್ರಾವಣ ಬಹುಳ ಅಷ್ಟಮಿ, ಅಂದರೆ ಕೃಷ್ಣಾಷ್ಟಮಿಯಂದು, ಆಗಸ್ಟ್ 8ರ ಸುಮಾರಿಗೆ ಪಟ್ಟವಾಯಿತು ಎಂಬ ವಾದಕ್ಕೆ ವಿದ್ವಾಂಸರಲ್ಲಿ ಸಾಕಷ್ಟು ಬೆಂಬಲವಿದೆ. ಹಾಗಿದ್ದರೆ ಮಾಘದ ದಾನ ಆ ಸಂಭ್ರಮದ ಮುಂದುವರಿಕೆ. ಅಥವಾ ಆಗ ಸಂಕಲ್ಪ ಮಾಡಿದ್ದು ಈಗ ಕಲ್ಲಿಗೆ ಏರಿತು. ದಾನ ಸಂಕಲ್ಪಿಸಿದ ದಿನ, ಧಾರೆ ಎರೆದ ದಿನ, ಶಾಸನ ಕೆತ್ತಿದ ದಿನ ಇವು ಮೂರೂ ಬೇರೆಬೇರೆ ಆಗಿರುವ ಸಾಧ್ಯತೆಯನ್ನು ಶಾಸನ ಓದುವಾಗ ಸದಾ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೃಷ್ಣಾ ತೀರದ ದಿನ

ರಕ್ಕಸತಂಗಡಿ ಯುದ್ಧದ ತಾರೀಖು ಬಂದಿರುವುದು ಇನ್ನೊಂದು ದಾರಿಯಿಂದ. ಅದು ಪರ್ಷಿಯನ್ ಇತಿಹಾಸಕಾರರ ಹಿಜರಿ ಲೆಕ್ಕ: ಹಿಜರಿ 972, ಎರಡನೆಯ ಜುಮಾದದ 20. ಹಿಜರಿ ತಿಂಗಳು ಚಂದ್ರನ ಕುಡಿ ಕಣ್ಣಿಗೆ ಬಿದ್ದ ಮೇಲೆ ಶುರು. ಮೋಡ ಕವಿದಿದ್ದರೆ ಒಂದು ದಿನ ಆಚೆ ಹೋಗುತ್ತದೆ. ಕೋಷ್ಟಕದ ಪ್ರಕಾರ ಈ ತಾರೀಖು 1565ರ ಜನವರಿ 23, ಮಂಗಳವಾರಕ್ಕೆ ಸರಿಹೊಂದುತ್ತದೆ. ರಾಬರ್ಟ್ ಸೀವೆಲ್ ಕೊಟ್ಟಿರುವುದೂ ಇದನ್ನೇ.

ಕೆಲವು ಪುಸ್ತಕಗಳಲ್ಲಿ ಜನವರಿ 26 ಎಂದಿರುವುದನ್ನು ನೀವು ಕಂಡಿರಬಹುದು. ಚಂದ್ರನನ್ನೇ ಸಾಕ್ಷಿ ಕೇಳಿದರೆ 23ರ ಪಕ್ಷವೇ ಗಟ್ಟಿ. ಲೆಕ್ಕ ಹಾಕಿ ನೋಡಿದರೆ 1565ರ ಜನವರಿ 2ರ ಹೊತ್ತಿಗೆ ಅಮಾವಾಸ್ಯೆ. ಕುಡಿ ಕಂಡು ತಿಂಗಳು ಹುಟ್ಟಿ ಇಪ್ಪತ್ತನೆಯ ದಿನ ಎಂದರೆ 23ರ ಆಸುಪಾಸೇ ಆಗಬೇಕು. ಒಂದು ದಿನದ ಹೆಚ್ಚುಕಮ್ಮಿ ಒಪ್ಪಬಹುದು, ಮೂರು ದಿನ ಕಷ್ಟ.

ಈಗ ಆ ದಿನವನ್ನು ವಿಜಯನಗರದವರ ಪಂಚಾಂಗದಲ್ಲಿ ಇಟ್ಟು ನೋಡಿ. ಶಕ 1486, ರಕ್ತಾಕ್ಷಿ ಸಂವತ್ಸರ, ಮಾಘ ಬಹುಳ ಸಪ್ತಮಿಯ ಆಸುಪಾಸು. ಕೃಷ್ಣರಾಯನ ಕಲ್ಲಿನಲ್ಲಿದ್ದದ್ದು ಮಾಘ ಶುದ್ಧ ಚತುರ್ದಶಿ. ತಿಂಗಳು ಒಂದೇ, ಪಕ್ಷ ಬೇರೆ. ಒಂದರಲ್ಲಿ ಹುಣ್ಣಿಮೆಗೆ ಒಂದೇ ದಿನ ಬಾಕಿ. ಇನ್ನೊಂದರಲ್ಲಿ ಹುಣ್ಣಿಮೆ ಕಳೆದು ವಾರ ಆಗಿದೆ. ರಾಮರಾಯನ ಪಾಳೆಯದಲ್ಲಿ ಯಾರಾದರೂ ಐವತ್ತೈದು ವರ್ಷ ಹಿಂದಿನ ಆ ಉತ್ಸವವನ್ನು ನೆನೆದಿದ್ದರೆ, ಅದರ ತಿಥಿ ಎಂಟು ದಿನ ಮೊದಲೇ ಬಂದು ಹೋಗಿತ್ತು. ಎರಡು ಘಟನೆಗಳ ದಿನ ಒಂದೇ ಎಂದು ಆ ಕಾಲದಲ್ಲಿ ಯಾರಿಗೂ ಅನಿಸಿರಲು ಸಾಧ್ಯವಿರಲಿಲ್ಲ.

ಆದರೂ ಎರಡೂ ಮಾಘದಲ್ಲೇ ಬಂದದ್ದು ಪೂರ್ತಿ ಆಕಸ್ಮಿಕವಲ್ಲ ಅಂತ ನನಗನ್ನಿಸುತ್ತದೆ. ಮಳೆಗಾಲದಲ್ಲಿ ಕೃಷ್ಣೆ ದಾಟುವುದು ಸೈನ್ಯದ ಮಾತಲ್ಲ. ನೀರು ಇಳಿದು ಹಾಯ್ಗಡ ತೆರೆಯುವುದು ಚಳಿಗಾಲದಲ್ಲಿ. ಸುಲ್ತಾನರು ಬೇರೆ ಕಡೆ ದಾಟುವಂತೆ ನಟಿಸಿ, ಕಾವಲು ಸರಿದ ಮೇಲೆ ಹಿಂತಿರುಗಿ ಬಂದು ನದಿ ದಾಟಿದರು ಎಂಬ ಫೆರಿಷ್ತಾನ ವಿವರಣೆ ಹಾಯ್ಗಡ ಎಷ್ಟು ಮುಖ್ಯವಾಗಿತ್ತು ಅನ್ನುವುದನ್ನು ತೋರಿಸುತ್ತದೆ. ದಸರೆಯಿಂದ ಯುಗಾದಿಯ ನಡುವಿನ ಐದಾರು ತಿಂಗಳಲ್ಲಿ ಯುದ್ಧಗಳು ದಟ್ಟವಾಗಿ ಸಿಗುವುದು ಸಹಜ. ಅಷ್ಟು ಇಕ್ಕಟ್ಟಿನಲ್ಲಿ ತಾರೀಖುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಇರುತ್ತವೆಯೇ?

ಹೊದಿಗೆರೆಯ ಶನಿವಾರ

ಶಹಾಜಿಯ ಸಾವಿಗೆ ಮರಾಠಿ ಆಕರಗಳು ಕೊಡುವ ಮಿತಿ ಶಕ 1585, ಶೋಭಕೃತ್ ಸಂವತ್ಸರ, ಮಾಘ ಶುದ್ಧ 5, ಶನಿವಾರ. ನೋಡಿ, ಇಲ್ಲಿ ವಾರ ಇದೆ! ಎಷ್ಟು ಹಗುರಾಗುತ್ತದೆ ಕೆಲಸ. 1664ರ ಜನವರಿ 23ರಂದು ಶನಿವಾರವೇ. ಅಮಾವಾಸ್ಯೆ ಕಳೆದು ಐದು ದಿನ, ಪಂಚಮಿಯೂ ಸರಿ. ಸಂವತ್ಸರವೂ ಸರಿ. ನಾಲ್ಕು ಅಂಗಗಳು ಒಂದಕ್ಕೊಂದು ತಾಳೆಯಾದರೆ ಅಂಥ ತಾರೀಖನ್ನು ಕಣ್ಣುಮುಚ್ಚಿ ಒಪ್ಪಬಹುದು.

ಆದರೆ ಒಂದು ಷರತ್ತು: ಈ ಜನವರಿ 23 ಜೂಲಿಯನ್ ಪಂಚಾಂಗದ್ದು. ಈಗ ನಮ್ಮ ಗೋಡೆಯ ಮೇಲಿರುವ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಚಾಚಿದರೆ ಆ ಶನಿವಾರ 1664ರ ಫೆಬ್ರವರಿ 2 ಆಗುತ್ತದೆ. ಗ್ರೆಗೋರಿಯನ್ ಜನವರಿ 23ರಂದು ಇದ್ದದ್ದು ಬುಧವಾರ, ಅದೂ ಕೃಷ್ಣಪಕ್ಷ. ಶನಿವಾರ, ಶುದ್ಧ ಪಂಚಮಿ ಎರಡೂ ತಪ್ಪಿಹೋಗುತ್ತವೆ.

ಹಿನ್ನೆಲೆ ಗೊತ್ತಿರುವವರು ಈ ಪ್ಯಾರಾ ದಾಟಿಹೋಗಬಹುದು. ಜೂಲಿಯನ್ ವರ್ಷ 365.25 ದಿನ. ಋತುಗಳ ನಿಜವಾದ ವರ್ಷಕ್ಕಿಂತ ಇದು ಹನ್ನೊಂದು ನಿಮಿಷ ಚಿಲ್ಲರೆ ಉದ್ದ. ಶತಮಾನಗಳಲ್ಲಿ ಹತ್ತು ದಿನ ಜಾರಿದ್ದನ್ನು ಸರಿಪಡಿಸಲು ಪೋಪ್ ಗ್ರೆಗರಿ 1582ರ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆಸಿದ. ಪೋರ್ಚುಗಲ್ ಕೂಡಲೇ ಒಪ್ಪಿತು. ಬ್ರಿಟನ್ ಒಪ್ಪಿದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14. ಹಾಗಾಗಿ 17ನೆಯ ಶತಮಾನದ ಒಂದೇ ಘಟನೆಗೆ ಪೋರ್ಚುಗೀಸರ ಕಾಗದದಲ್ಲಿ ಒಂದು ತಾರೀಖು, ಇಂಗ್ಲಿಷರ ಕಾಗದದಲ್ಲಿ ಹತ್ತು ದಿನ ಹಿಂದಿನ ತಾರೀಖು ಇರುತ್ತದೆ.

ಶಾಸನ ಸಂಪುಟಗಳಲ್ಲಿ ನೀವು ನೋಡುವ ಇಂಗ್ಲಿಷ್ ತಾರೀಖುಗಳ ಮೂಲ ಬಹುತೇಕ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ 'ಇಂಡಿಯನ್ ಎಫಿಮೆರಿಸ್', ಅಥವಾ ಅದಕ್ಕೂ ಮುಂಚೆ 1896ರಲ್ಲಿ ಬಂದ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 'ಇಂಡಿಯನ್ ಕ್ಯಾಲೆಂಡರ್'. ಇವರೆಲ್ಲ ಹಳೆಯ ಕಾಲಕ್ಕೆ ಜೂಲಿಯನ್ ತಾರೀಖನ್ನೇ ಕೊಡುತ್ತಾರೆ. ಸಂಪುಟದಲ್ಲಿ ಅದನ್ನು ಪ್ರತಿ ಸಲ ಹೇಳುವುದಿಲ್ಲ. ಓದುವವರಿಗೆ ಗೊತ್ತಿರುತ್ತದೆ ಎಂಬ ಭರವಸೆ. ಆ ತಾರೀಖು ಸಂಪುಟದಿಂದ ಹೊರಗೆ ಬಂದು ಸುಭಾಷರ ಹುಟ್ಟುಹಬ್ಬದ ಪಕ್ಕದಲ್ಲಿ ಕೂತಾಗಲೇ ತೊಂದರೆ.

ಸುಭಾಷರದು ಶುದ್ಧ ಗ್ರೆಗೋರಿಯನ್ ತಾರೀಖು. 1897ರ ಆ ಶನಿವಾರ ಜೂಲಿಯನ್ ಲೆಕ್ಕದಲ್ಲಿ ಜನವರಿ 11. ನಮ್ಮ ಪಂಚಾಂಗದಲ್ಲಿ ದುರ್ಮುಖಿ ಸಂವತ್ಸರ, ಪುಷ್ಯ ಬಹುಳ ಪಂಚಮಿಯ ಆಸುಪಾಸು, ಮಾಘವೂ ಅಲ್ಲ. ನಾಲ್ಕು ಸಾಲುಗಳ ಪಟ್ಟಿಯಲ್ಲಿ ಮೊದಲ ಮೂರು ಒಂದು ಕ್ಯಾಲೆಂಡರಿನವು, ನಾಲ್ಕನೆಯದು ಇನ್ನೊಂದರದು. (ಪಟ್ಟಿಗಳಲ್ಲಿ ಇದೇ ತಾರೀಖಿಗೆ ಚೀನಾದ ಶಾನ್ಷಿಯ 1556ರ ಮಹಾಭೂಕಂಪವೂ ಬರುತ್ತದೆ. ಅದೂ ಜೂಲಿಯನ್ನೇ.) 2021ರಿಂದ ಕೇಂದ್ರ ಸರ್ಕಾರ ಜನವರಿ 23ನ್ನು ಪರಾಕ್ರಮ ದಿವಸವಾಗಿ ಆಚರಿಸುತ್ತಿದೆ, ಅದರಲ್ಲಿ ಯಾವ ಗೊಂದಲವೂ ಇಲ್ಲ. ಅದೇ ದಿನ ರಕ್ಕಸತಂಗಡಿಯನ್ನೂ ನೆನೆಯುತ್ತೇವೆ ಅನ್ನುವವರು ಮಾತ್ರ, ಸೂರ್ಯನ ಲೆಕ್ಕದಲ್ಲಿ ಹತ್ತು ದಿನ ಮುಂಚೆ ನೆನೆಯುತ್ತಿದ್ದಾರೆ.

ಸಂಕ್ರಾಂತಿಯೂ ನಿಂತಲ್ಲಿ ನಿಂತಿಲ್ಲ

ಹಾಗಾದರೆ ಶಾಸನಗಳ ಲೋಕದಲ್ಲಿ 'ಒಂದೇ ದಿನ' ಅನ್ನುವುದಕ್ಕೆ ಅರ್ಥವೇ ಇಲ್ಲವೇ? ಇದೆ, ಧಾರಾಳವಾಗಿ ಇದೆ. ದಾನ ಕೊಡುವವರು ಬೇಕೆಂದೇ ಆರಿಸಿಕೊಳ್ಳುತ್ತಿದ್ದ ದಿನಗಳಿವೆ: ಉತ್ತರಾಯಣ ಸಂಕ್ರಮಣ, ಸೂರ್ಯಗ್ರಹಣ, ಚಂದ್ರಗ್ರಹಣ, ವ್ಯತೀಪಾತ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳ ಯಾವ ಸಂಪುಟ ತೆರೆದರೂ 'ಉತ್ತರಾಯಣ ಸಂಕ್ರಾಂತಿಯಂದು' ಬಿಟ್ಟ ಮತ್ತರುಗಳು, ತೋಟಗಳು, ಗಾಣಗಳು ಸಾಲುಸಾಲಾಗಿ ಸಿಗುತ್ತವೆ. ಇವೆಲ್ಲ ನಿಜಕ್ಕೂ ಒಂದೇ ದಿನವನ್ನು ಹಂಚಿಕೊಂಡವು. ಆಕಸ್ಮಿಕವಾಗಿ ಅಲ್ಲ, ನಂಬಿಕೆಯಿಂದ.

ಆದರೆ ಅವುಗಳ ಇಂಗ್ಲಿಷ್ ತಾರೀಖು ನೋಡಿದರೆ ಹೊಸಬರಿಗೆ ಗಾಬರಿ. 11ನೆಯ ಶತಮಾನದ ಉತ್ತರಾಯಣ ಸಂಕ್ರಾಂತಿಗೆ ಡಿಸೆಂಬರ್ 24 ಅಥವಾ 25 ಎಂದಿರುತ್ತದೆ! ಮುದ್ರಣದೋಷ ಅಲ್ಲ. ನಮ್ಮ ಸಂಕ್ರಾಂತಿ ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಮಕರ ಸೇರುವ ಕ್ಷಣ. ಸೂರ್ಯಸಿದ್ಧಾಂತದ ವರ್ಷ ಜೂಲಿಯನ್ ವರ್ಷಕ್ಕಿಂತ ಕೊಂಚ ಉದ್ದ. ಸುಮಾರು 114 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. ಕೃಷ್ಣದೇವರಾಯನ ಕಾಲಕ್ಕೆ ಅದು ಡಿಸೆಂಬರ್ 28-29ಕ್ಕೆ ಬಂದಿತ್ತು. ಗ್ರೆಗೋರಿಯನ್‌ನಲ್ಲಾದರೆ ಇನ್ನೂ ಬೇಗ, 60 ಚಿಲ್ಲರೆ ವರ್ಷಕ್ಕೇ ಒಂದು ದಿನ. ಈಗ ಜನವರಿ 14-15ರಲ್ಲಿದ್ದೇವೆ.

ಇದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಪಾಣಿಪತ್ ಒಳ್ಳೆಯ ಉದಾಹರಣೆ. ಮೂರನೆಯ ಪಾಣಿಪತ್ ಯುದ್ಧ 1761ರ ಜನವರಿ 14ರಂದು ನಡೆಯಿತು. 'ಸಂಕ್ರಾಂತಿಯ ದಿನವೇ ಮರಾಠರು ಸೋತರು' ಎಂದು ಈಗಲೂ ಬರೆಯುತ್ತಾರೆ, ಹೇಳುತ್ತಾರೆ. ತಾರೀಖು ಸರಿ, ಅದು ಬುಧವಾರ, ಪುಷ್ಯ ಶುದ್ಧ ಅಷ್ಟಮಿ. ಸಂಕ್ರಾಂತಿ ಮಾತ್ರ ತಪ್ಪು. ಅದಾಗಿ ನೂರೆರಡು ವರ್ಷಕ್ಕೆ, 1863ರ ಜನವರಿ 12ರಂದು, ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. 1863ರಲ್ಲೇ 12ಕ್ಕೆ ಇದ್ದ ಸಂಕ್ರಾಂತಿ 1761ರಲ್ಲಿ ಇನ್ನೂ ಹಿಂದೆ, ಜನವರಿ 10-11ರ ಸುಮಾರಿಗೆ ಇರಬೇಕಲ್ಲವೇ? ಸದಾಶಿವರಾವ್ ಭಾವುವಿನ ಹಸಿದ ಸೈನ್ಯ ಕಂದಕ ದಾಟಿ ಹೊರಬಂದಾಗ ಸಂಕ್ರಾಂತಿ ಕಳೆದು ಮೂರು ನಾಲ್ಕು ದಿನ ಆಗಿತ್ತು. ನಮ್ಮ ಕಾಲದ ಜನವರಿ 14ನ್ನು ಎತ್ತಿ ಅವರ ಕಾಲಕ್ಕೆ ಇಟ್ಟುಬಿಟ್ಟಿದ್ದೇವೆ, ಅಷ್ಟೇ.

ಹೊನ್ನೇನಹಳ್ಳಿಯ ಹುಣ್ಣಿಮೆ

ಕೃಷ್ಣದೇವರಾಯನನ್ನು ನೆನೆಯಲು ಒಂದು ದಿನ ಬೇಕೇ ಬೇಕು ಅನ್ನುವವರಿಗೆ ಹಂಪೆಯ ಕಲ್ಲಿಗಿಂತ ಭದ್ರವಾದ ಆಧಾರ ಈಗ ಇದೆ. 2021ರಲ್ಲಿ ಬೆಳಕಿಗೆ ಬಂದ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನ ಆತನ ಮರಣವನ್ನೇ ದಾಖಲಿಸುತ್ತದೆ. ಊರಿನ ಗೋಪಾಲಕೃಷ್ಣ ದೇವಾಲಯದಲ್ಲಿರುವ ಈ ಕಲ್ಲಿನ ವಿಷಯ, ತುಮಕೂರಿನ ವೀರಪ್ರಸನ್ನ ಹನುಮಂತ ದೇವರಿಗೆ ಹೊನ್ನೇನಹಳ್ಳಿಯನ್ನು ಬಿಟ್ಟುಕೊಟ್ಟದ್ದು. ಒಬ್ಬ ಸಾಮ್ರಾಟನ ಸಾವಿನ ದಿನ ಹಳ್ಳಿಯೊಂದರ ದಾನಪತ್ರದಲ್ಲಿ ಉಳಿದುಕೊಂಡಿದೆ.

ಮಿತಿ: ಶಕ 1451, ಕಾರ್ತಿಕ ಶುದ್ಧ 15. ಪರೀಕ್ಷೆ ಮಾಡಿ ನೋಡೋಣ. ಶಕ 1451ಕ್ಕೆ ಬರುವ ಸಂವತ್ಸರ ವಿರೋಧಿ, 1529-30. ಆ ವರ್ಷ ತುಲಾ ಸಂಕ್ರಮಣ ಸೆಪ್ಟೆಂಬರ್ ಕೊನೆಗೆ, ಅಮಾವಾಸ್ಯೆ ಅಕ್ಟೋಬರ್ 2ರ ಸುಮಾರಿಗೆ. ಆದ್ದರಿಂದ ಮುಂದಿನ ಮಾಸ ಕಾರ್ತಿಕವೇ. ಹುಣ್ಣಿಮೆ ಬೀಳುವುದು 1529ರ ಅಕ್ಟೋಬರ್ 17, ಭಾನುವಾರ. ಅಂದು ಚಂದ್ರಗ್ರಹಣವೂ ಇತ್ತು. ತಿಥಿ ಎರಡು ದಿನಗಳ ನಡುವೆ ಹೊಯ್ದಾಡಿದರೂ ಗ್ರಹಣ ಹೊಯ್ದಾಡುವುದಿಲ್ಲ, ಅದು ಗಳಿಗೆಗೆ ಕಟ್ಟಿದ ಗೂಟ.

ಇದೂ ಜೂಲಿಯನ್ ತಾರೀಖೇ, ಗ್ರೆಗೋರಿಯನ್‌ನಲ್ಲಿ ಅಕ್ಟೋಬರ್ 27. ಪುಣ್ಯತಿಥಿ ಆಚರಿಸುವವರು 17ಕ್ಕೆ ಮಾಡಬೇಕೋ 27ಕ್ಕೋ ಎಂದು ನನ್ನನ್ನು ಕೇಳಿದರೆ, ಎರಡೂ ಬೇಡ, ಕಾರ್ತಿಕ ಹುಣ್ಣಿಮೆಗೆ ಮಾಡಿ ಅನ್ನುತ್ತೇನೆ. ಕಲ್ಲಿನ ಮೇಲಿರುವುದು ಅದು.